ಗೆದ್ದರೆ ಫೀಸು, ಸೋತರೆ ನಮಸ್ಕಾರ

ಮಂಗಳವಾರವೋ ಶುಕ್ರವಾರವೋ ರಾಹುಕಾಲದ ಹೊತ್ತಿಗೆ ಬನಶಂಕರಿ ಅಮ್ಮನ ಗುಡಿಗೆ ಹೋಗಿ ನೋಡಿ. ಹೋಳು ಮಾಡಿ ರಸ ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯನ್ನು ಒಳಗಿನದು ಹೊರಗೆ ಬರುವಂತೆ ಮಗುಚಿ, ಆ ಪುಟ್ಟ ಬಟ್ಟಲಲ್ಲಿ ಎಣ್ಣೆ ಬತ್ತಿ ಇಟ್ಟು ಹಚ್ಚಿದ ದೀಪಗಳು ಸಾಲುಗಟ್ಟಿರುತ್ತವೆ. ದೀಪ ಹಚ್ಚುವವರಲ್ಲಿ ಹರಕೆ ಹೊತ್ತವರು ಬೇಕಾದಷ್ಟು ಮಂದಿ. ಹರಕೆಯ ಕರಾರನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಕೆಲಸ ಆಗಲಿ ತಾಯಿ, ಆಮೇಲೆ ಒಪ್ಪಿಸುತ್ತೇನೆ. ಆಗದಿದ್ದರೆ ಅಮ್ಮನೂ ಕೇಳಳು, ಭಕ್ತನೂ ಕೊಡ.

ಗುಡಿಯ ಮುಂದೆ ಕನಕಪುರ ರಸ್ತೆ. ಅಲ್ಲಿಂದ ತುಸು ದೂರದಲ್ಲಿ ಸಾರಕ್ಕಿ ಸಿಗ್ನಲ್ಲು, ಹೊರವರ್ತುಲ ರಸ್ತೆ. ಬಸ್ಸು, ಮೆಟ್ರೊ ಇಳಿದು ಓಡುತ್ತಾ ರಸ್ತೆ ದಾಟುವವರು, ಡೆಲಿವರಿ ಚೀಲ ಹೊತ್ತ ಬೈಕಿನವರು, ಸಂದಿಯಲ್ಲಿ ನುಗ್ಗುವ ಆಟೊಗಳು. ಇಲ್ಲಿ ಕಾಲು ಮುರಿದುಕೊಂಡವರು ಆಸ್ಪತ್ರೆ ಸೇರಿದ ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ ಇನ್ನೊಂದು ಬಗೆಯ ಹರಕೆಯ ಮಾತು ಕೇಳಿಬರುತ್ತದೆ. ಹಾಸಿಗೆಯ ಪಕ್ಕ ಕೂತ ಹೆಂಡತಿಗೆ ಒಬ್ಬಾತ ವಿಸಿಟಿಂಗ್ ಕಾರ್ಡು ಚಾಚುತ್ತಾನೆ.

‘ಒಂದು ರೂಪಾಯಿ ಕೈಯಿಂದ ಹಾಕ್ಬೇಡಿ ಅಕ್ಕ. ಕೇಸು ನಮ್ಮ ಸಾರ್ ನೋಡ್ಕೊತಾರೆ. ಬಂದ್ರೆ ಇಪ್ಪತ್ತು ಪರ್ಸೆಂಟು. ಬರ್ಲಿಲ್ಲ ಅಂದ್ರೆ ಏನೂ ಬೇಡ.’

‘ಪೊಲೀಸ್ನೋರ ಪೇಪರೆಲ್ಲ?’

‘ಅದೂ ನಾವೇ ತಗೋತೀವಿ. ನೀವು ಇಲ್ಲೊಂದು ಸೈನ್ ಹಾಕಿ, ಸಾಕು.’

ಆ ಹೊತ್ತಿಗೆ ಅಡ್ವಾನ್ಸ್ ಕಟ್ಟಲು ಒಡವೆ ಅಡವಿಟ್ಟಿರುವ ಆ ಹೆಣ್ಣುಮಗಳಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿರಲಾರದು. ಆದರೆ ವಕೀಲರು ಇಂಥ ಕರಾರು ಮಾಡಿಕೊಳ್ಳುವುದಕ್ಕೆ ಭಾರತದಲ್ಲಿ ಅನುಮತಿ ಇಲ್ಲ. ಅನುಮತಿಯೇ ಇಲ್ಲದ ಈ ವ್ಯವಸ್ಥೆ ಯಾಕೆ ಎಲ್ಲ ಕಡೆ ಇದೆ, ಅದರಿಂದ ಗಾಯಾಳುವಿಗೆ ದಕ್ಕುವುದೇನು, ಕಳೆಯುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಅಲ್ಲಿ ಕಾನೂನು, ಇಲ್ಲಿ ಕಿವಿಮಾತು

ಅಮೆರಿಕದಲ್ಲಿ ಈ ಪದ್ಧತಿ ಬಹಿರಂಗ. ಅಪಘಾತದ ಕೇಸು ಹಿಡಿದ ವಕೀಲರು ಬಂದ ಹಣದ ಮೂರನೇ ಒಂದು ಪಾಲನ್ನು ತೆಗೆದುಕೊಳ್ಳುವುದು ಅಲ್ಲಿ ಸಾಮಾನ್ಯ. ಹೆದ್ದಾರಿ ಬದಿಯ ಜಾಹೀರಾತು ಫಲಕಗಳಲ್ಲೇ ಅದನ್ನು ಸಾರುತ್ತಾರೆ.

ಇಂಗ್ಲೆಂಡ್ ಅಳೆದೂ ಸುರಿದೂ ಈ ದಾರಿಗೆ ಬಂತು. 1990ರ ಕಾಯ್ದೆ ಬಾಗಿಲು ತೆರೆಯಿತು, 1995ರಲ್ಲಿ ಕರಾರುಗಳು ಜಾರಿಗೆ ಬಂದವು. ಗೆದ್ದರೆ ವಕೀಲರಿಗೆ ಮಾಮೂಲಿ ಫೀಸಿನ ಮೇಲೆ ‘ಗೆಲುವಿನ ಫೀಸು’ ಎಂದು ಹೆಚ್ಚುವರಿ ಹಣ. 2000ದಿಂದ ಆ ಹೆಚ್ಚುವರಿಯನ್ನೂ ಸೋತ ಪಕ್ಷದಿಂದಲೇ ವಸೂಲು ಮಾಡುವ ಏರ್ಪಾಡಾಯಿತು. ಗಾಯಾಳುವಿನ ಕೈಯಿಂದ ಚಿಕ್ಕಾಸೂ ಹೋಗುತ್ತಿರಲಿಲ್ಲವಾದ್ದರಿಂದ ಫೀಸು ಎಷ್ಟು ಎಂದು ಕೇಳುವವರೇ ಇಲ್ಲವಾದರು. ವಿಮಾ ಕಂಪನಿಗಳು ಬೊಬ್ಬೆ ಹಾಕಿದವು, ಪ್ರೀಮಿಯಂ ಏರಿತು. 2013ರ ಏಪ್ರಿಲ್‌ನಿಂದ ಆ ದೇಶ ಲಗಾಮು ಬಿಗಿಯಿತು. ಗೆಲುವಿನ ಫೀಸನ್ನು ಕಕ್ಷಿದಾರರೇ ಕೊಡಬೇಕು, ಆದರೆ ಅದು ನೋವಿಗೆ ಸಿಕ್ಕ ಪರಿಹಾರ ಮತ್ತು ಆಗಲೇ ಆಗಿಹೋದ ನಷ್ಟದ ಮೊತ್ತದ ಶೇ 25ನ್ನು ಮೀರುವಂತಿಲ್ಲ. ಮುಂದಿನ ಬದುಕಿಗೆಂದು, ಅಂದರೆ ನಾಳೆಯ ದುಡಿಮೆಗೆ, ನಾಳೆಯ ಆರೈಕೆಗೆ ಕೊಟ್ಟ ಹಣವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಈ ಕೊನೆಯ ಷರತ್ತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ವೃತ್ತಿ ನಡವಳಿಕೆಯ ನಿಯಮಗಳಲ್ಲಿ 20ನೆಯದು ಇದು: ವ್ಯಾಜ್ಯದ ಫಲಿತಾಂಶಕ್ಕೆ ಕಟ್ಟುಬಿದ್ದ ಫೀಸನ್ನು ವಕೀಲರು ಗೊತ್ತುಮಾಡಿಕೊಳ್ಳಬಾರದು, ಬಂದ ಹಣದಲ್ಲಿ ಪಾಲು ಒಪ್ಪಿಕೊಳ್ಳಬಾರದು. 36ನೆಯ ನಿಯಮದ ಪ್ರಕಾರ ಏಜೆಂಟರ ಮೂಲಕ ಕೇಸು ಹಿಡಿಯುವುದೂ ತಪ್ಪು. ಹಾಸಿಗೆ ಪಕ್ಕದ ಆ ವಿಸಿಟಿಂಗ್ ಕಾರ್ಡು ಎರಡೂ ನಿಯಮಗಳನ್ನು ಒಟ್ಟಿಗೇ ಮುರಿದಿರುತ್ತದೆ.

ವಿಚಿತ್ರವೆಂದರೆ ವಕೀಲರಲ್ಲದವರು ಇನ್ನೊಬ್ಬರ ಕೇಸಿಗೆ ದುಡ್ಡು ಹಾಕಿ ಲಾಭದಲ್ಲಿ ಪಾಲು ಕೇಳುವುದು ತನ್ನಷ್ಟಕ್ಕೇ ಅಪರಾಧವಲ್ಲ ಎಂದು ಪ್ರಿವಿ ಕೌನ್ಸಿಲ್ 1876ರಷ್ಟು ಹಿಂದೆಯೇ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದೇ ಧಾಟಿಯಲ್ಲಿ ಮಾತಾಡಿದೆ. ಬಂಡವಾಳ ಹಾಕುವ ಸಾಹುಕಾರನಿಗೆ ಇರುವ ಸಲಿಗೆ ಕಪ್ಪು ಕೋಟಿಗೆ ಇಲ್ಲ. ಕಾರಣ ಸರಳ: ವಕೀಲರು ಕಕ್ಷಿದಾರರ ಪರ ನಿಲ್ಲುವುದರ ಜೊತೆಗೆ ನ್ಯಾಯಾಲಯದ ಅಧಿಕಾರಿಯೂ ಹೌದು. ಕೇಸಿನ ಫಲದಲ್ಲಿ ಅವರಿಗೇ ಪಾಲಿದ್ದರೆ ಸಾಕ್ಷಿಯನ್ನು ಸಾಕ್ಷಿಯಾಗಿ ನೋಡುವ ಕಣ್ಣು ಮಂಜಾಗುತ್ತದೆ ಎಂಬುದು ಕಾನೂನಿನ ಅಂಜಿಕೆ.

ಹದಿನಾರು ವರ್ಷದ ನಂತರ ಒಂದು ಚೆಕ್ಕು

ಈ ನಿಯಮ ಬರೀ ಪುಸ್ತಕದಲ್ಲಿ ಇಲ್ಲ. ಬಂದದ್ದರಲ್ಲಿ ಅರ್ಧ ಪಾಲು ಎಂದು ಒಪ್ಪಂದ ಮಾಡಿಕೊಂಡಿದ್ದ ಮುಂಬಯಿಯ ವಕೀಲರೊಬ್ಬರ ನಡೆ ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಪಕ್ಕದ ತೆಲಂಗಾಣದ ಪ್ರಕರಣ. 1998ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಗೆ ಪರಿಹಾರ ಮಂಜೂರಾಯಿತು. ವಕೀಲರಿಗೆ ಅವರು 10 ಲಕ್ಷ ರೂಪಾಯಿ ಫೀಸು ಕೊಟ್ಟರು. ಸಾಲದು ಎಂದು 2014ರ ಅಕ್ಟೋಬರ್‌ನಲ್ಲಿ ಇನ್ನೂ 3 ಲಕ್ಷಕ್ಕೆ ಚೆಕ್ಕು ಬರೆಸಿಕೊಂಡಾಯಿತು. ಖಾತೆಯಲ್ಲಿ ಹಣವಿರಲಿಲ್ಲ, ಚೆಕ್ಕು ಬೌನ್ಸ್ ಆಯಿತು. ವಕೀಲರು ತಮ್ಮ ಕಕ್ಷಿದಾರಳ ಮೇಲೆಯೇ ಚೆಕ್ ಬೌನ್ಸ್ ಕ್ರಿಮಿನಲ್ ಕೇಸು ಹೂಡಿದರು.

2017ರ ಡಿಸೆಂಬರ್ 5ರಂದು ನ್ಯಾಯಮೂರ್ತಿಗಳಾದ ಆದರ್ಶ ಕುಮಾರ್ ಗೋಯಲ್ ಮತ್ತು ಉದಯ್ ಉಮೇಶ್ ಲಲಿತ್ ಅವರ ಪೀಠ ಆ ಕೇಸನ್ನು ರದ್ದು ಮಾಡಿತು. ಸಿಕ್ಕ ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಫೀಸು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ, ಅಂಥ ಬಾಕಿಗಾಗಿ ಪಡೆದ ಚೆಕ್ಕಿಗೆ ಕಾನೂನಿನ ಬೆಂಬಲವಿಲ್ಲ ಎಂದಿತು. ವಕೀಲರ ಫೀಸನ್ನು ಕಟ್ಟುಪಾಡಿಗೆ ತರುವ ಕಾನೂನಿನ ಬಗ್ಗೆ ಸರ್ಕಾರ ಯೋಚಿಸಬೇಕು ಎಂದೂ ಹೇಳಿತು.

ಬೆಂಗಳೂರಿನ ಓದುಗರು ಈ ತೀರ್ಪಿನಿಂದ ತಿಳಿಯಬೇಕಾದ ಸಂಗತಿ ಇದು: ‘ಇಪ್ಪತ್ತು ಪರ್ಸೆಂಟು’ ಎಂಬ ಬಾಯಿಮಾತಾಗಲಿ, ಅದಕ್ಕೆ ಭದ್ರತೆಯೆಂದು ಕೊಟ್ಟ ಖಾಲಿ ಚೆಕ್ಕಾಗಲಿ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆದರೂ ಯಾಕೆ ನಡೆಯುತ್ತದೆ?

ಯಾಕೆಂದರೆ ಅದರಲ್ಲಿ ಉಪಕಾರವೂ ಇದೆ. ಅದನ್ನು ಒಪ್ಪಿಕೊಳ್ಳದೆ ಬೈದರೆ ಬೈಗುಳ ಅರ್ಧ ಸುಳ್ಳಾಗುತ್ತದೆ.

ಒಂದು ಎಂವಿಸಿ ಕೇಸಿಗೆ, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸಿಗೆ, ಏನೇನು ಬೇಕು ನೋಡಿ. ಪೊಲೀಸರಿಗೆ ಕೊಟ್ಟ ದೂರು, ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ, ಡಿಸ್ಚಾರ್ಜ್ ಸಮರಿ, ಔಷಧಿ ಅಂಗಡಿಯ ಒಂದೊಂದು ಬಿಲ್ಲು, ಎಕ್ಸ್‌ರೇ. ಇಷ್ಟಾದ ಮೇಲೆ ಅಂಗವೈಕಲ್ಯ ಎಷ್ಟು ಎಂದು ಸಾಕ್ಷಿ ಹೇಳಲು ಮೂಳೆ ವೈದ್ಯರನ್ನು ಕರೆಸಬೇಕು, ಅವರ ಅರ್ಧ ದಿನಕ್ಕೆ ಹಣ ಕೊಡಬೇಕು. ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿಗೆ ಎದ್ದು ನಿಲ್ಲುತ್ತಾರೆ: ‘ದೂರು ಕೊಡಲು ನಾಲ್ಕು ದಿನ ಯಾಕೆ ತಡ? ಆಸ್ಪತ್ರೆಯಲ್ಲಿ ಮೊದಲು ಬಿದ್ದೆ ಎಂದಿದ್ದೀರಲ್ಲ, ಕಾರು ಯಾವಾಗ ಬಂತು?’ ಪ್ಲಾಸ್ಟರು ಹಾಕಿಕೊಂಡು ಮಲಗಿದ ಆಟೊ ಚಾಲಕ, ಗಾರೆ ಕೆಲಸದವ, ಮನೆಕೆಲಸದ ಹೆಂಗಸು ಇದನ್ನೆಲ್ಲ ಎಲ್ಲಿಂದ ಹೊಂದಿಸಬೇಕು? ಗೆದ್ದ ಮೇಲೆ ಕೊಡಿ ಎನ್ನುವ ವಕೀಲರು ಎರಡು ಮೂರು ವರ್ಷ ಸ್ವಂತ ಕೈಯಿಂದ ಖರ್ಚು ಹಾಕಿರುತ್ತಾರೆ. ಬ್ಯಾಂಕು ಕೊಡದ ಸಾಲವನ್ನು ಅವರು ಕೊಟ್ಟ ಹಾಗಾಯಿತು.

ಎರಡನೆಯ ಲಾಭ, ಇಬ್ಬರ ಹಿತವೂ ಒಂದೇ ಕಡೆ ವಾಲುವುದು. ಪರಿಹಾರ ಹೆಚ್ಚಿದರೆ ತನ್ನ ಪಾಲೂ ಹೆಚ್ಚುತ್ತದೆ ಎಂಬ ಲೆಕ್ಕ ವಕೀಲರನ್ನು ಚುರುಕಾಗಿಡುತ್ತದೆ. ಮುಂಗಡ ಫೀಸು ತೆಗೆದುಕೊಂಡು ಪ್ರತಿ ತಾರೀಖಿಗೂ ಮುಂದೂಡಿಕೆ ಕೇಳುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮೂರನೆಯದು, ಹುರುಳಿಲ್ಲದ ಕೇಸನ್ನು ಇಂಥ ವಕೀಲರು ಮುಟ್ಟುವುದಿಲ್ಲ. ಗೆಲ್ಲದ ಕೇಸಿಗೆ ಅಲೆದಾಡಿಸದೆ ಮೊದಲೇ ಇಲ್ಲ ಎನ್ನುವುದೂ ಒಂದು ಸೇವೆಯೇ.

ಇನ್ನೊಂದು ಕಡೆಯ ಚಿತ್ರವನ್ನೂ ನೋಡಬೇಕು. ಇಂಥ ಕೇಸು ತೀರ್ಮಾನಿಸುವ ನಮ್ಮ ನ್ಯಾಯಾಧಿಕರಣಗಳ ಅವಾರ್ಡಿನ, ಅಂದರೆ ತೀರ್ಪಿನ, ಕೊನೆಯ ಸಾಲಿನಲ್ಲಿ ವಕೀಲರ ಫೀಸು ಇಷ್ಟು ಎಂದು ನಿಗದಿ ಮಾಡಿರುತ್ತಾರೆ. ಬೆಂಗಳೂರಿನ ಎಷ್ಟೋ ಅವಾರ್ಡುಗಳಲ್ಲಿ ಆ ಅಂಕಿ 1,000 ರೂಪಾಯಿ. ಮೂರು ವರ್ಷ ನಡೆದ ಕೇಸಿಗೆ ಸಾವಿರ ರೂಪಾಯಿ! ಬರೆದಿಟ್ಟ ಫೀಸು ಇಷ್ಟು ಹಾಸ್ಯಾಸ್ಪದವಾದಾಗ ಬರೆಯದ ಫೀಸು ಹುಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ಕಾಲಿನ ಲೆಕ್ಕ

ಮಾತು ಸಾಕು, ಒಂದು ಲೆಕ್ಕ ಹಾಕೋಣ. ವ್ಯಕ್ತಿ ಕಲ್ಪಿತ, ಲೆಕ್ಕದ ರೀತಿ ನಿಜ.

ಮದುವೆ ಮನೆಗಳಿಗೆ ಅಡುಗೆಗೆ ಹೋಗುವ 34 ವರ್ಷದವರೊಬ್ಬರಿಗೆ ಕತ್ರಿಗುಪ್ಪೆಯಲ್ಲಿ ಕಾರು ಗುದ್ದಿತು ಅಂದುಕೊಳ್ಳಿ. ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದು ರಾಡು ಹಾಕಿದ್ದಾರೆ. ಸಂಪಾದನೆಗೆ ಚೀಟಿಯಿಲ್ಲ. ಹೀಗಿದ್ದಾಗ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್ತಿಗೆಂದು ಅಪಘಾತದ ವರ್ಷಕ್ಕೆ ತಕ್ಕಂತೆ ಮಾಡಿಟ್ಟ ಅಂದಾಜು ಆದಾಯದ ಪಟ್ಟಿಯನ್ನು ಹೈಕೋರ್ಟ್ ಕೂಡ ಆಧಾರವಾಗಿ ಇಟ್ಟುಕೊಳ್ಳುವುದುಂಟು. ನಮ್ಮ ಲೆಕ್ಕಕ್ಕೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳೋಣ. ವೈದ್ಯರು ಆ ಕಾಲಿಗೆ ಶೇ 36ರಷ್ಟು ವೈಕಲ್ಯ ಎಂದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು ಎಂದು ಹಿಡಿಯುವುದು ವಾಡಿಕೆ. ಆಯಿತು, ಶೇ 12. ಇನ್ನು ವಯಸ್ಸಿಗೆ ತಕ್ಕ ಗುಣಕ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಪಟ್ಟಿಯಂತೆ 31ರಿಂದ 35ರ ವಯಸ್ಸಿಗೆ ಅದು 16.

ಹದಿನೈದು ಸಾವಿರವನ್ನು 12 ತಿಂಗಳಿಗೆ, ಅದನ್ನು 16ಕ್ಕೆ ಗುಣಿಸಿ ಶೇ 12 ತೆಗೆದರೆ 3,45,600 ರೂಪಾಯಿ. ಇದು ಮುಂದಿನ ದುಡಿಮೆಯ ನಷ್ಟ. ಆಸ್ಪತ್ರೆ ಬಿಲ್ಲು 1,20,000, ಮಲಗಿದ್ದ ಮೂರು ತಿಂಗಳ ಕೂಲಿ 45,000, ನೋವಿಗೆ 50,000, ಬದುಕಿನ ಸುಖ ಕುಂದಿದ್ದಕ್ಕೆ 40,000, ಆರೈಕೆ-ಓಡಾಟಕ್ಕೆ 20,000. ಒಟ್ಟು 6,20,600. ಮೂರು ವರ್ಷಕ್ಕೆ ಶೇ 6ರ ಬಡ್ಡಿ ಸೇರಿ 7,32,308.

ಇದರಲ್ಲಿ ‘ಇಪ್ಪತ್ತು ಪರ್ಸೆಂಟು’ ಎಂದರೆ 1,46,462 ರೂಪಾಯಿ. ಆಸ್ಪತ್ರೆಯ ಪೂರ್ತಿ ಬಿಲ್ಲಿಗಿಂತ ಹೆಚ್ಚು. ಹೆಚ್ಚುಕಡಿಮೆ ಹತ್ತು ತಿಂಗಳ ದುಡಿಮೆ. ಕೈಸಾಲ ಮಾಡಿ ಕಟ್ಟಿದ ಬಿಲ್ಲಿನ ಹಣದಲ್ಲೂ ಐದನೇ ಒಂದು ಪಾಲು ಹೋಗುತ್ತದೆ, ಕುಂಟು ಕಾಲಿನ ನಾಳೆಗೆಂದು ಕೊಟ್ಟ ಹಣದಲ್ಲೂ ಹೋಗುತ್ತದೆ. ಇಂಗ್ಲೆಂಡಿನ ಷರತ್ತು ಇಲ್ಲಿ ನೆನಪಾಗಬೇಕು. ಅಲ್ಲಿನ ಮಿತಿಯನ್ನು ಇದೇ ಅಂಕಿಗಳಿಗೆ ಹೊಂದಿಸಿ, ಬಡ್ಡಿಯನ್ನು ಬದಿಗಿಟ್ಟರೆ, ಮುಂದಿನ ದುಡಿಮೆಯ 3,45,600ನ್ನು ಮುಟ್ಟುವಂತಿಲ್ಲ. ಉಳಿದ 2,75,000ದ ಶೇ 25, ಅಂದರೆ 68,750 ರೂಪಾಯಿಯೇ ಗೆಲುವಿನ ಫೀಸಿನ ಗರಿಷ್ಠ.

ಹಾಗೆಂದು ವಕೀಲರ ಬೆಲೆ ಕಡಿಮೆ ಎಂದುಕೊಳ್ಳಬೇಡಿ. ಕಾಲಿಗೆ ಎಷ್ಟು ಪೆಟ್ಟಾಯಿತು ಎಂಬುದಕ್ಕಿಂತ ಆ ಪೆಟ್ಟಿನಿಂದ ಈ ಮನುಷ್ಯನ ಕಸುಬಿಗೆ ಎಷ್ಟು ಏಟಾಯಿತು ಎಂದು ನೋಡಬೇಕು ಎಂದು 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೂತು ಬರೆಯುವ ಗುಮಾಸ್ತನ ಕಾಲಿಗೂ ಎಂಟು ತಾಸು ಒಲೆಯ ಮುಂದೆ ನಿಂತು ಸಾರಿನ ಕೊಪ್ಪರಿಗೆ ಇಳಿಸುವವನ ಕಾಲಿಗೂ ವ್ಯತ್ಯಾಸವಿದೆ. ಇದನ್ನು ಸಾಕ್ಷಿ ಸಮೇತ ವಾದಿಸಿ ಶೇ 12ರ ಜಾಗದಲ್ಲಿ ಶೇ 24 ಒಪ್ಪಿಸಿದ ವಕೀಲರು ಒಟ್ಟು ಪರಿಹಾರವನ್ನು ಬಡ್ಡಿ ಸೇರಿ 11,40,116ಕ್ಕೆ ಏರಿಸುತ್ತಾರೆ. ಅದರಲ್ಲಿ ಶೇ 20 ಕಳೆದರೂ ಕೈಗೆ 9,12,000ಕ್ಕೆ ಮೇಲೆ ಉಳಿಯುತ್ತದೆ. ಏನೂ ಕೊಡದೆ 7,32,308 ಪಡೆಯುವುದಕ್ಕಿಂತ ಇದು ಮೇಲು. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟು’ ಎಂಬುದಲ್ಲ, ‘ನನ್ನ ಕಸುಬಿನ ನಷ್ಟವನ್ನು ಹೇಗೆ ತೋರಿಸುತ್ತೀರಿ’ ಎಂಬುದು.

ಕಾಣದೆ ಸೋರುವುದು

ದುಡ್ಡಿನ ನಷ್ಟ ಕಣ್ಣಿಗೆ ಕಾಣುತ್ತದೆ. ಕಾಣದವು ಬೇರೆ ಇವೆ.

ಕಾನೂನಿಗೆ ವಿರುದ್ಧವಾದ ಕರಾರನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ 20 ಇದ್ದದ್ದು ಅವಾರ್ಡಿನ ದಿನಕ್ಕೆ 30 ಆದರೆ ತೋರಿಸಲು ಚೀಟಿಯಿಲ್ಲ. ಬಡ್ಡಿಯ ಮೇಲೂ ಪರ್ಸೆಂಟು ಉಂಟೇ, ವೈದ್ಯರಿಗೆ ಕೊಟ್ಟ ಹಣ ಬೇರೆಯೇ, ಹೈಕೋರ್ಟಿಗೆ ಹೋದರೆ ಇನ್ನೆಷ್ಟು, ಯಾವುದಕ್ಕೂ ಉತ್ತರವಿಲ್ಲ. ನಿಷೇಧ ಇರುವುದು ಗಾಯಾಳುವಿನ ರಕ್ಷಣೆಗೆ. ಆದರೆ ಅದರಿಂದಾಗಿಯೇ ಕರಾರು ಕತ್ತಲೆಗೆ ಹೋಗಿ, ಇಂಗ್ಲೆಂಡಿನ ಗಾಯಾಳುವಿಗೆ ಸಿಗುವ ಮಿತಿಯ ರಕ್ಷಣೆಯೂ ನಮ್ಮವರಿಗೆ ಇಲ್ಲವಾಗಿದೆ.

ಪಾಲಿನ ಆಸೆ ಎರಡು ಕಡೆಗೂ ಎಳೆಯುತ್ತದೆ. ಬೇಗ ಹಣ ಬರಲಿ ಎನ್ನುವವರು ಲೋಕ ಅದಾಲತ್ತಿನಲ್ಲಿ ಕಡಿಮೆಗೆ ರಾಜಿ ಮಾಡಿಸಿಬಿಡಬಹುದು. ಅದಾಲತ್ತಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ ಎಂಬುದು ಸಹಿ ಹಾಕಿದ ಮೇಲೆ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಗಾಯವನ್ನು ಹಿಗ್ಗಿಸುವ ಚಪಲ. ತಾನೇ ಜಾರಿ ಬಿದ್ದ ಬೈಕಿನ ಅಪಘಾತಕ್ಕೆ ವಿಮೆ ಇರುವ ಯಾವುದೋ ಗಾಡಿಯನ್ನು ತಂದು ಕೂರಿಸುವ ಕೇಸುಗಳು ಹುಟ್ಟುವುದು ಈ ನೆಲದಲ್ಲೇ. ಉತ್ತರ ಪ್ರದೇಶದಲ್ಲಿ ಸುಳ್ಳು ಕ್ಲೇಮುಗಳ ತನಿಖೆಗೆ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ವಿಶೇಷ ತಂಡವನ್ನೇ ರಚಿಸುವಂತೆ ಆದೇಶಿಸಬೇಕಾಯಿತು. ಒಬ್ಬರ ಸುಳ್ಳು ಕೇಸಿನಿಂದಾಗಿ ಹತ್ತು ಜನರ ನಿಜ ಕೇಸಿನಲ್ಲೂ ವಿಮಾ ಕಂಪನಿ ಅದೇ ತಕರಾರು ಎತ್ತುತ್ತದೆ. ಸಿಕ್ಕಿಬಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ತಪ್ಪು ಗಾಯಾಳುವಿನ ತಲೆಗೇ ಬರುತ್ತದೆ.

ಸಣ್ಣ ಪೆಟ್ಟಿನವರ ಗತಿ ಇನ್ನೊಂದು. ಮುಂಗೈ ಬಿರುಕು ಬಿಟ್ಟು ಆರು ವಾರ ಹೂ ಕಟ್ಟಲಾಗದ ಹೂವಾಡಗಿತ್ತಿಯ ಕೇಸಿನಲ್ಲಿ ಪರ್ಸೆಂಟು ಎಷ್ಟು ಬಂದೀತು? ಗೆದ್ದರಷ್ಟೇ ಫೀಸು ಎನ್ನುವವರು ಇಂಥವರನ್ನು ಬಾಗಿಲಿನಿಂದಲೇ ಕಳಿಸುತ್ತಾರೆ. ಅಲ್ಲಿ ಇಲ್ಲಿ ಅಲೆಯುವುದರಲ್ಲಿ ಗಡುವು ಸರಿಯುತ್ತದೆ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಮಿತಿ ಹಾಕಿದೆ. ಆ ಮಿತಿಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಆದರೂ ಆರು ತಿಂಗಳನ್ನೇ ಕೊನೆ ಎಂದು ತಿಳಿದು ನಡೆಯುವುದು ಕ್ಷೇಮ.

ಹಣ ಕೈಗೆ ಬರುವ ಕೊನೆಯ ಗಳಿಗೆಯೂ ಜಾರುವ ಗಳಿಗೆಯೇ. ಅನಕ್ಷರಸ್ಥರ, ವಿಧವೆಯರ ಪರಿಹಾರ ಮಧ್ಯವರ್ತಿಗಳ ಪಾಲಾಗಬಾರದೆಂದು ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಬಲಪಡಿಸಿತು. 2025ರ ಮಾರ್ಚ್‌ನಲ್ಲಿ, ಪರಿಹಾರ ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೇ ಹೋಗಬೇಕು ಎಂದು ಅದೇ ನ್ಯಾಯಾಲಯ ಹೇಳಿದೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಹಿ ಮಾಡಿದ ಚೆಕ್ಕು ನಿಮ್ಮ ಬಳಿ ಇದ್ದರಷ್ಟೇ ಈ ಮಾತಿಗೆ ಬೆಲೆ.

ಪರ್ಸೆಂಟಿಲ್ಲದ ದಾರಿಗಳು

ಗೆದ್ದರೆ ಕೊಡು ಎನ್ನುವ ವಕೀಲರನ್ನು ಬಿಟ್ಟರೆ ಬಡವರಿಗೆ ಗತಿಯಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಆ ಹೂವಾಡಗಿತ್ತಿ ಹೆಣ್ಣು ಎಂಬ ಒಂದೇ ಕಾರಣಕ್ಕೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ರಾಜ್ಯ ಪ್ರಾಧಿಕಾರದ ಕಚೇರಿ ಇರುವುದು ಲಾಲ್‌ಬಾಗಿನ ಆಚೆ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಬನಶಂಕರಿಯಿಂದ ಕೆಲವೇ ಕಿಲೋಮೀಟರು. ಫೋನಿನಲ್ಲಾದರೆ 15100. ಆದರೆ ಅಲ್ಲಿಂದ ಯಾರೂ ಆಸ್ಪತ್ರೆಯ ಹಾಸಿಗೆ ಪಕ್ಕಕ್ಕೆ ಬಂದು ಕಾರ್ಡು ಕೊಡುವುದಿಲ್ಲ. ಏಜೆಂಟ ಗೆಲ್ಲುವುದು ಇಲ್ಲೇ.

ಕಾನೂನು ತನ್ನಷ್ಟಕ್ಕೇ ಇನ್ನೂ ಕೆಲವು ಬಾಗಿಲು ತೆರೆದಿಟ್ಟಿದೆ. ಅಪಘಾತವಾದ 48 ಗಂಟೆಯೊಳಗೆ ಪೊಲೀಸರು ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಸಂಚಾರ ಠಾಣೆಗೆ ಹೋಗಿ ‘ನಮ್ಮ ಕೇಸಿನ ವಿವರ ವರದಿ ಹೋಗಿದೆಯಾ ಸಾರ್?’ ಎಂದು ಕೇಳುವ ಹಕ್ಕು ನಿಮಗಿದೆ. ವಿಮಾ ಕಂಪನಿ ಅಧಿಕಾರಿಯನ್ನು ನೇಮಿಸಿ ಇತ್ಯರ್ಥದ ಮೊತ್ತವನ್ನು ತಾನಾಗಿಯೇ ಮುಂದಿಡಬೇಕು. ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ಯಾರದು ತಪ್ಪು ಎಂದು ಸಾಬೀತು ಮಾಡುವ ಗೋಜೇ ಬೇಡ ಎನ್ನುವವರಿಗೆ 164ನೆಯ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷದ ನಿಗದಿತ ಪರಿಹಾರವಿದೆ. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಚಿಕಿತ್ಸೆಯ ಮೊದಲ ಹೊಡೆತಕ್ಕೆ 2025ರ ಮೇ ತಿಂಗಳಲ್ಲಿ ಪ್ರಕಟವಾದ ನಗದುರಹಿತ ಯೋಜನೆ ಇದೆ: ಏಳು ದಿನದವರೆಗೆ, 1.5 ಲಕ್ಷದ ತನಕ.

ಊರಿಗೆ ಹೋದಾಗ ಮಂಡ್ಯದ ಬಳಿ ಅಪಘಾತವಾದರೆ ಅಲ್ಲಿಗೇ ಅಲೆಯಬೇಕಿಲ್ಲ. ನೀವು ವಾಸವಿರುವ ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು. ಗುಂಡಿಗೆ ಬಿದ್ದು ತಾನೇ ಉರುಳಿದ ಸವಾರನಿಗೆ ಎದುರು ಗಾಡಿಯ ವಿಮೆ ಸಿಗದು, ಆದರೆ ತನ್ನ ಗಾಡಿಯ ವಿಮೆಯ ಜೊತೆಗಿರುವ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಯ ಕಾಗದವನ್ನು ಒಮ್ಮೆ ತೆಗೆದು ನೋಡಬೇಕು.

ಬೆಳಕಿಗೆ ತನ್ನಿ

ನನ್ನ ಮಟ್ಟಿಗೆ ತೀರ್ಮಾನ ಇಷ್ಟು. ಮುಂಗಡವಿಲ್ಲದೆ ಕೇಸು ನಡೆಸುವ ವಕೀಲರು ಗಾಯಾಳುಗಳಿಗೆ ಬೇಕು. ಪರ್ಸೆಂಟು ಬೇಡ. ಇವೆರಡು ಬೇರೆಬೇರೆ ಸಂಗತಿ ಎಂಬುದನ್ನು ಏಜೆಂಟರು ಮರೆಸಿಬಿಡುತ್ತಾರೆ. ಫೀಸು ಇಷ್ಟು ರೂಪಾಯಿ ಎಂದು ಮೊದಲೇ ಗೊತ್ತುಮಾಡಿ, ಅದನ್ನು ತಡವಾಗಿ, ಕಂತಿನಲ್ಲಿ ಪಡೆಯಲು ಒಪ್ಪುವುದಕ್ಕೆ ವಕೀಲರಿಗೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅಡ್ಡಿ ಇರುವುದು ಫಲಿತಾಂಶಕ್ಕೆ ಗಂಟು ಹಾಕಿದ ಫೀಸಿಗೆ, ಪಾಲಿಗೆ.

ಸರ್ಕಾರದ ಮುಂದೆ ಎರಡು ದಾರಿಗಳಿವೆ. ಅವಾರ್ಡಿನಲ್ಲಿ ಸಾವಿರ ರೂಪಾಯಿಯ ಬದಲು ಕೆಲಸಕ್ಕೆ ತಕ್ಕ ಫೀಸನ್ನು ವಿಮಾ ಕಂಪನಿಯಿಂದಲೇ ಕೊಡಿಸಿ, ಉಚಿತ ಕಾನೂನು ನೆರವಿನ ಮೇಜನ್ನು ಪ್ರತಿ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ತರುವುದು ಒಂದು. ಅದಾಗದಿದ್ದರೆ ಪಾಲಿನ ಕರಾರನ್ನು ಬೆಳಕಿಗೆ ತಂದು, ನಾಳೆಯ ದುಡಿಮೆಯ ಹಣವನ್ನು ಮುಟ್ಟದಂತೆ ಮಿತಿ ಹಾಕುವುದು ಇನ್ನೊಂದು. ನಿಷೇಧಿಸಿ ಕಣ್ಣು ಮುಚ್ಚಿಕೊಂಡಿರುವ ಈಗಿನ ಸ್ಥಿತಿ ಮೂರನೆಯದು, ಮೂರರಲ್ಲಿ ಕೆಟ್ಟದ್ದು.

ಅಲ್ಲಿಯ ತನಕ ಗಾಯಾಳುವಿನ ಮನೆಯವರಿಗೆ ಒಂದು ಮಾತು. ವಕಾಲತ್ತಿಗೆ ಸಹಿ ಹಾಕುವ ಮುಂಚೆ ವಕೀಲರನ್ನೇ ಮುಖಾಮುಖಿ ಕಾಣಿ, ಏಜೆಂಟರ ಕೈಗೆ ಕಾಗದ ಕೊಡಬೇಡಿ. ಫೀಸು ಎಷ್ಟು ಎಂದು ಕೇಳಿ, ರೂಪಾಯಿಯಲ್ಲಿ ಬರೆಸಿಕೊಳ್ಳಿ. ಖಾಲಿ ಚೆಕ್ಕಿಗೆ, ಖಾಲಿ ಹಾಳೆಗೆ ಸಹಿ ಬೇಡ. ಪ್ರತಿ ಬಿಲ್ಲಿನ ಜೆರಾಕ್ಸ್ ಮನೆಯಲ್ಲಿರಲಿ, ಕೇಸಿನ ನಂಬರು ನಿಮ್ಮ ಡೈರಿಯಲ್ಲಿರಲಿ. ಗೊತ್ತಾಗದಿದ್ದರೆ 15100ಕ್ಕೆ ಫೋನು ಮಾಡಿ. ಆ ಕರೆಗೆ ಗೆದ್ದರೂ ಫೀಸಿಲ್ಲ, ಸೋತರೂ ಇಲ್ಲ.